ಮಂಗಮ್ಮನ ಸೆರಗಿನ ಗಂಟು

ಮಧ್ಯಾಹ್ನ ಸುರಿದ ಆಲಿಕಲ್ಲು ಕೆಂಚಾರ್ಲಹಳ್ಳಿ ಕಡೆಯ ಹಿಪ್ಪುನೇರಳೆ ತೋಟಗಳನ್ನು ಚಿಂದಿ ಮಾಡಿ ಹೋಗಿತ್ತು. ಸಂಜೆಗೆ ಉಳಿದದ್ದು ಬರೀ ಮಳೆ. ಕರೆಂಟು ಹೋದ ಹುಳುಮನೆಯಲ್ಲಿ ಮೊಬೈಲಿನ ದೀಪವನ್ನು ಕಂಬಕ್ಕೆ ಕಟ್ಟಿ, ಸಿಕ್ಕಷ್ಟು ಸೊಪ್ಪನ್ನು ಹಳೇ ಪಂಚೆಯ ತುಂಡಿನಲ್ಲಿ ಒರೆಸುತ್ತ ಎಲ್ಲರೂ ಕೂತಿದ್ದರು. ಒದ್ದೆ ಸೊಪ್ಪು ತಿಂದ ರೇಷ್ಮೆಹುಳು ಉಳಿಯುವುದಿಲ್ಲ. ಒಂದೊಂದು ಎಲೆಯನ್ನೂ ಮಿಂದ ಕೂಸಿನ ಮೈಯಂತೆ ಒರೆಸಬೇಕು.

ಯಾಮಿನಿ ಎಲೆ ಒರೆಸುತ್ತಲೇ ತಟ್ಟೆಗಳ ಕಡೆ ನೋಡಿದಳು. ಹುಳು ಕೊನೆಯ ಪೊರೆ ಬಿಟ್ಟು ಎದ್ದಿದ್ದವು. ಗೂಡು ಕಟ್ಟುವುದಕ್ಕೆ ಮುಂಚಿನ ಈ ದಿನಗಳಲ್ಲಿ ಅವುಗಳ ಹಸಿವಿಗೆ ತಳವಿಲ್ಲ. ನಾಳೆ ಸೊಪ್ಪು ಬೀಳದಿದ್ದರೆ ಅಷ್ಟೂ ಹುಳು ತಟ್ಟೆಯಲ್ಲೇ ಕಪ್ಪಾಗುತ್ತವೆ. ಮದುವೆಯಾಗಿ ಬಂದ ಮೇಲೆ ಅವಳೇ ಮೊಟ್ಟೆಯಿಂದ ಸಾಕಿದ ಮೊದಲ ಬೆಳೆ ಇದು.

"ಮುನೇಶ್ವರನ ಬೇವಿನಮರದ ಹತ್ರ ಮಂಗಮ್ಮನ ತೋಟ ಇದೆಯಲ್ಲ," ಎಂದು ಗಂಡ ಚೈತನ್ಯನಿಗೆ ಹೇಳಿದಳು. "ಅಲ್ಲಿ ಆಲಿಕಲ್ಲೇ ಬಿದ್ದಿಲ್ವಂತೆ. ಆಳುದ್ದ ಸೊಪ್ಪು, ಕೇಳೋರಿಲ್ಲ. ಬೆಳಿಗ್ಗೆ ನಾನೂ ಬರ್ತೀನಿ, ಇಬ್ಬರೂ ಕೊಯ್ಯಣ."

ಪಕ್ಕದ ಮನೆಯ ಕವಿತ ನಕ್ಕಳು. "ಏಳು ತಿಂಗಳ ಹೊಟ್ಟೆ ಇಟ್ಕೊಂಡು ಬಗ್ತೀಯೇನೇ? ಒಳಗಿರೋನೇ ಕೈ ಚಾಚಿ ಕುಡುಗೋಲು ಇಸ್ಕೊಂಡಾನು."

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಮುನಿಶಾಮಪ್ಪ, ಚೈತನ್ಯನ ತಾತ, ಒರೆಸುತ್ತಿದ್ದ ಎಲೆಯನ್ನು ಕೆಳಗಿಟ್ಟರು.

"ಆ ತೋಟಕ್ಕೆ ಹೋಗ್ಬೇಡಮ್ಮ. ಅಲ್ಲಿ ದೆವ್ವ ಐತೆ."

"ಈ ಕಾಲದಲ್ಲಿ ದೆವ್ವಾನಾ ತಾತ?" ಎಂದ ಚೈತನ್ಯ.

"ಈ ಕಾಲದ್ದೇ ಕಣಪ್ಪ. ಹಳೇ ಕಾಲದ್ದಾಗಿದ್ರೆ ಒಂದು ನಿಂಬೆಹಣ್ಣಿಗೆ ಹೋಗಿರೋದು."

ಯಾರೂ ನಗಲಿಲ್ಲ. ಮುದುಕರು ಬೇವಿನಮರ ಇದ್ದ ದಿಕ್ಕಿಗೆ ಒಮ್ಮೆ ಕೈ ಮುಗಿದು ಶುರು ಮಾಡಿದರು.

"ನೀನಾಗ ಗೌರಿಬಿದನೂರಲ್ಲಿ ಓದ್ತಿದ್ದೆ ಚೈತನ್ಯ, ಈ ಹುಡುಗಿ ಇನ್ನೂ ಊರಿಗೆ ಬಂದಿರ್ಲಿಲ್ಲ... ಕೆರೆ ತುಂಬ್ಸೋಕೆ ಪೈಪು ಎಳೀತಿದ್ರು. ಪೈಪಿಗೆ ಪೈಪು ಬೆಸೆದ ಜಾಗದಲ್ಲಿ ಬಿರುಕೈತಾ ಅಂತ ನೋಡೋಕೆ ಒಂದು ಗುಂಪು ಬರೋದು, ನಾವು ಎಕ್ಸ್‌ರೇನೋರು ಅಂತಿದ್ವಿ. ಆಸ್ಪತ್ರೇಲಿ ಮನುಷ್ಯನ ಮೂಳೆ ನೋಡ್ತಾರಲ್ಲ, ಇವ್ರು ಕಬ್ಬಿಣದ ಮೂಳೆ ನೋಡೋರು. ಅದಕ್ಕೆ ಕರೆಂಟು ಬೇಡ... ಎತ್ತೋಕಾಗದಷ್ಟು ಭಾರದ ಒಂದು ಪೆಟ್ಟಿಗೆ, ಅದರೊಳಗೆ ಬೆರಳಿನ ಗೆಣ್ಣಿನಷ್ಟು ಒಂದು ಕೊಳವೆ, ಅದು ತನ್ನಷ್ಟಕ್ಕೆ ತಾನು ಉರೀತಾನೇ ಇರುತ್ತೆ. ಬೆಂಕಿ ಕಾಣಲ್ಲ, ಹೊಗೆ ಇಲ್ಲ, ವಾಸನೆ ಇಲ್ಲ. ಒಂದಿನ ಅದು ಪೆಟ್ಟಿಗೆಯೊಳಕ್ಕೆ ವಾಪಸ್ ಹೋಗಲಿಲ್ಲ. ಕಳಚಿ ಮಣ್ಣಿಗೆ ಬಿತ್ತು. ನೋಡಿದೋರು ಯಾರು?

"ಸೊಪ್ಪು ಕೊಯ್ಯೋಕೆ ಹೋದ ಮಂಗಮ್ಮ ನೋಡಿದ್ಲು. ಹೊಳೆಯೋ ಕೊಳವೆ, ತುದೀಲಿ ಸಣ್ಣ ಕೊಂಡಿ... ನೀವೇ ಹೇಳಿ, ನಮ್ಮ ಕಣ್ಣಿಗೆ ಅದು ಏನಂತ ಕಾಣ್ತದೆ? ತಾಯಿತ! ಯಾರದೋ ಮೈಯಿಂದ ಬಿದ್ದ ತಾಯಿತ. ಅದರಲ್ಲಿ ಯಾರ ಕಷ್ಟ ಕಟ್ಟೈತೋ, ಯಾವ ಗಾಳಿ ಕಟ್ಟೈತೋ. ದಾಟ್ಕೊಂಡು ಹೋಗಂಗಿಲ್ಲ, ಕಂಡೋರೇ ಅದನ್ನ ಮುನೇಶ್ವರನ ಮರಕ್ಕೆ ಕಟ್ಟಬೇಕು. ಅದೂ ಅಮಾವಾಸ್ಯೆ ದಿನವೇ ಕಟ್ಟಬೇಕು. ಅಲ್ಲೀತನಕ ಮನೆಯೊಳಗೆ ಕೆಳಗಿಡಂಗಿಲ್ಲ, ಇಟ್ರೆ ಅದು ಮನೆ ಹಿಡಿಯುತ್ತೆ ಅಂತ. ಮನೇಲಿ ಸೊಸೆ ಗೌತಮಿ ತುಂಬಿದ ಬಸುರಿ. ಆ ಪುಣ್ಯಾತ್ಗಿತ್ತಿ ಏನು ಮಾಡಿದ್ಲು? ಏನಾದ್ರೂ ಆಗೋದಿದ್ರೆ ನನಗೇ ಆಗ್ಲಿ ಅಂತ ಸೆರಗಿನ ತುದೀಲಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಅಮಾವಾಸ್ಯೆಗೆ ಇನ್ನೂ ದಿನ ಇತ್ತು."

ಯಾಮಿನಿಯ ಕೈಯಲ್ಲಿದ್ದ ಎಲೆ ಒಣಗಿ ಎಷ್ಟೋ ಹೊತ್ತಾಗಿತ್ತು. ಅವಳು ಅದನ್ನೇ ಒರೆಸುತ್ತಿದ್ದಳು.

"ಮಾರನೇ ದಿನವೇ ಆ ಎಕ್ಸ್‌ರೇನೋರು ಬಂದ್ರು," ಎಂದರು ತಾತ. ಅವರ ದನಿ ಏರಲಿಲ್ಲ, ಆದರೆ ಅದರೊಳಗೆ ಏನೋ ಗಟ್ಟಿಯಾಯಿತು. "ಕಿರಕಿರ ಅನ್ನೋ ಮೆಷಿನ್ನು ಹಿಡ್ಕೊಂಡು ಪೈಪಿನುದ್ದಕ್ಕೂ ಹುಡುಕಿದ್ರು. ಅರಳಿಕಟ್ಟೆ ಹತ್ರ ಜೀಪು ನಿಲ್ಲಿಸಿ, ಒಂದು ಬೋಲ್ಟು ಬಿದ್ದೋಗೈತೆ, ಯಾರಿಗಾದ್ರೂ ಸಿಕ್ತಾ ಅಂತ ಕೇಳಿದ್ರು. ಬೋಲ್ಟು! ಆ ಬಾಯಿಗೆ ಹುಳ ಬೀಳ. ಮುಟ್ಟಿದ್ರೆ ಸಾಯ್ತೀರಿ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ಕೆಲಸ ನಿಲ್ತಿತ್ತು, ಅಷ್ಟೇ. ಮಂಗಮ್ಮ ಅಲ್ಲೇ, ಕಟ್ಟೆ ಈ ಕಡೆ ನಿಂತಿದ್ಲು. ಅವಳ ಹತ್ರ ಬೋಲ್ಟು ಎಲ್ಲಿತ್ತು? ಅವಳ ಹತ್ರ ಇದ್ದಿದ್ದು ತಾಯಿತ. ಇಲ್ಲಪ್ಪ, ನೋಡಿಲ್ಲ ಅಂದ್ಲು. ಮೆಷಿನ್ನು ಜೀಪಿನೊಳಗಿತ್ತು... ನಾಲ್ಕು ಹೆಜ್ಜೆ ಇಳಿಸಿ ತಂದಿದ್ರೆ ಅದೇ ಕೂಗ್ಕೋತಿತ್ತು."

"ಮಂಗಮ್ಮ ಸರ್ಪಸುತ್ತಾಗಿ ಹೋದ್ರು ಅಂತ ಕೇಳಿದ್ದೆ," ಎಂದಳು ಕವಿತ ಮೆಲ್ಲಗೆ.

"ನಾವೂ ಹಂಗೇ ಅಂದ್ಕೊಂಡ್ವಮ್ಮ. ಮೊದಲು ವಾಂತಿ. ಆಮೇಲೆ ಸೊಂಟದಲ್ಲಿ ಕೆಂಪು, ಬೊಬ್ಬೆ. ನಾವು ಕಾವಿ ಹಚ್ಚಿದ್ವಿ, ಮಂತ್ರ ಹಾಕ್ಸಿದ್ವಿ. ಅದು ಮೇಲಿಂದ ಸುಟ್ಟ ಗಾಯವಲ್ಲ, ಒಳಗಿಂದ ಬೆಂದು ಹೊರಕ್ಕೆ ಬಂದಿದ್ದು. ತಲೆ ಬಾಚಿದ್ರೆ ಕೂದಲು ಹಿಡಿಹಿಡಿ ಬರೋದು, ಒಸಡಲ್ಲಿ ರಕ್ತ. ಅಮಾವಾಸ್ಯೆ ದಿನ ನಿಲ್ಲೋಕಾಗದೋಳು ಮಗನ ಹೆಗಲು ಹಿಡ್ಕೊಂಡು ಹೋಗಿ, ತಾನೇ ಅದನ್ನ ಮರಕ್ಕೆ ಕಟ್ಟಿ ಬಂದ್ಲು. ಮಗ ನರಸಿಂಹಮೂರ್ತಿ ಮೇಷ್ಟ್ರು, ಓದಿದೋನು, ಬೆಂಗಳೂರಿಗೆ ಕರ್ಕೊಂಡೋದ. ಅಲ್ಲಿ ಡಾಕ್ಟ್ರು ಗಾಯ ನೋಡಿದ್ದೇ ತಡ, ಇದು ವಿಕಿರಣದ ಸುಟ್ಟಗಾಯ, ಈಯಮ್ಮ ಏನನ್ನ ಮುಟ್ಟಿದ್ರು ಅಂತ ಕೇಳಿದ್ರಂತೆ. ಅಷ್ಟೊತ್ತಿಗೆ ರಕ್ತವೇ ಸತ್ತೋಗಿತ್ತು. ಕಾಲ್ತಾ ಉಂದಿ, ಕಾಲ್ತಾ ಉಂದಿ ಅಂತ ತೆಲುಗಲ್ಲೇ ನರಳ್ತಾ ಹೋದ್ಲು. ಸುಡ್ತೈತೆ, ಸುಡ್ತೈತೆ ಅಂತ... ಅತ್ತೆಯ ಪಕ್ಕ ಮಲಗಿ, ಅದೇ ಸೊಂಟಕ್ಕೆ ಎಣ್ಣೆ ಸವರಿದೋಳು ಗೌತಮಿ. ಅವಳ ಹೊಟ್ಟೇಲಿದ್ದ ಕೂಸೂ ಉಳೀಲಿಲ್ಲ."

ಯಾಮಿನಿ ತನಗರಿವಿಲ್ಲದೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

"ತಿಥಿ ಆದ ಮೇಲೆ ಒಂದು ಮುಸ್ಸಂಜೆ ಹಸು ಹೊಡ್ಕೊಂಡು ಆ ದಾರೀಲಿ ಬರ್ತಿದ್ದೆ. ಹಸು ನಿಂತುಬಿಡ್ತು. ಬೇವಿನ ಬುಡದಲ್ಲಿ ಯಾರೋ ಹೆಂಗಸು, ಬೆನ್ನು ಮಾಡಿ ನಿಂತವಳೆ. ತಲೇಲಿ ಕೂದಲಿಲ್ಲ. ಮಾವ, ಈ ಗಂಟು ಬಿಚ್ಚಿಕೊಡಿ, ಕೈಲಿ ಉಗುರಿಲ್ಲ ನನಗೆ, ಅಂದ್ಲು. ಅದೇ ದನಿ... ಪಾಪ ಅನ್ನಿಸ್ತಮ್ಮ. ನಲವತ್ತು ವರ್ಷ ಒಟ್ಟಿಗೆ ತೋಟ ಮಾಡಿದೋರು. ಕೈ ಚಾಚಿದೆ. ನೂಲು ಬಿಚ್ಚೋ ಕುದಿನೀರಿನ ಬಾಣಲೆ ಮೇಲೆ ಹಿಡಿದಂಗೆ ಬೆರಳ ತುದಿ ಕಾದೋಯ್ತು. ಮುನೇಶ್ವರಾ ಅಂದು ಹಿಂದಕ್ಕೆ ಸರಿದೆ. ನೋಡಿ," ಎಂದು ಬೆಳಕಿಗೆ ಕೈ ಹಿಡಿದರು. ಬೆರಳ ತುದಿಗಳು ನುಣ್ಣಗೆ, ಗೆರೆಯೇ ಇಲ್ಲದೆ ಹೊಳೆಯುತ್ತಿದ್ದವು.

"ರೇಷನ್ ಅಂಗಡಿ ಮೆಷಿನ್ನು ನಮ್ಮತ್ತೆ ಬೆರಳೂ ತಗೊಳ್ಳಲ್ಲ ತಾತ, ವಯಸ್ಸಾದ್ರೆ ಹಂಗೇ," ಎಂದಳು ಕವಿತ. ಆದರೆ ಅವಳ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ಆಗಿರ್ಬೋದಮ್ಮ."

ಯಾಮಿನಿ ತಟ್ಟೆಗಳ ಕಡೆ ಮತ್ತೊಮ್ಮೆ ನೋಡಿದಳು. ಬಿಳಿ ಹುಳುಗಳು ತಲೆ ಎತ್ತಿ ಗಾಳಿಯಲ್ಲಿ ಸೊಪ್ಪು ಹುಡುಕುತ್ತಿದ್ದವು. "ಶಿಡ್ಲಘಟ್ಟದ ಕಡೆ ಯಾರಿಗಾದ್ರೂ ಫೋನ್ ಮಾಡಿ ಸೊಪ್ಪು ಕೇಳು," ಎಂದಳು ಗಂಡನಿಗೆ. "ಸಿಗದಿದ್ರೆ ಬೆಳೆ ಹೋಗ್ಲಿ. ನಾನು ಹೋಗಲ್ಲ. ನೀನೂ ಹೋಗ್ಬೇಡ."

ಚೈತನ್ಯ ಒಪ್ಪಲಾರದೆ ತಾತನ ಕಡೆ ತಿರುಗಿದ. "ಆಮೇಲೆ ಆ ಎಕ್ಸ್‌ರೇನೋರು ಬಂದು ಕೊಳವೇನ ತಗೊಂಡೋಗಿರ್ತಾರಲ್ಲ?"

"ಬಂದ್ರಪ್ಪ, ಮೈತುಂಬ ಬಿಳೀ ಬಟ್ಟೆ ಹಾಕ್ಕೊಂಡು. ಮರದಲ್ಲಿ ದಾರ ಇತ್ತು, ಕೊಳವೆ ಇರ್ಲಿಲ್ಲ. ಬುಡದ ಮಣ್ಣನ್ನೇ ಡಬ್ಬಕ್ಕೆ ತುಂಬ್ಕೊಂಡು, ಮುಗೀತು ಅಂತ ಬರ್ಕೊಂಡು ಹೋದ್ರು. ಮುಗಿದಿದ್ರೆ ಅವಳು ಯಾಕೆ ನಿಂತಿರ್ತಾಳೆ? ಇದಕ್ಕೆ ಸಾವು ಯಾವಾಗ ಅಂತ ನರಸಿಂಹಮೂರ್ತಿ ಆ ಡಾಕ್ಟ್ರನ್ನ ಕೇಳಿದ್ನಂತೆ. ಐದು ವರ್ಷಕ್ಕೆ ಅರ್ಧ ಸಾಯುತ್ತೆ, ಇನ್ನೈದು ವರ್ಷಕ್ಕೆ ಉಳಿದಿದ್ದರಲ್ಲಿ ಅರ್ಧ, ಅಂದ್ರಂತೆ. ಹಂಗೆ ಅರ್ಧರ್ಧ ಸಾಯೋದನ್ನ ಯಾವ ಮಂತ್ರ ಬಿಡಿಸುತ್ತೆ?"

ಮಾಡಿನ ಶೀಟಿನ ಮೇಲೆ ಮಳೆ ಜೋರಾಯಿತು. ಮುದುಕರು ಕಂಬಳಿ ಸರಿ ಮಾಡಿಕೊಂಡು ಯಾಮಿನಿಯ ಮುಖ ನೋಡಿದರು.

"ನೀನು ಹೋಗಲ್ಲ ಅಂದಿದ್ದು ಒಳ್ಳೇದಾಯ್ತಮ್ಮ. ಆದ್ರೆ ಒಂದು ಮಾತು... ಮೊದಲ ವರ್ಷ ಅವಳು ಬೇವಿನ ಬುಡದಲ್ಲಿ ಕಾಣೋಳು. ಒಂದು ಮಳೆಗಾಲ ಕಳೀತು, ಗದ್ದೆ ಬದುವಿನ ಹತ್ರ ಕಂಡ್ಲು. ಹೋದ ವರ್ಷ ರಸ್ತೆ ಮೋರಿ ಹತ್ರ. ಮರದ ಕಡೆಯಿಂದ ಮಳೆನೀರು ಮೋರಿ ದಾಟಿ ನಮ್ಮ ಹಿತ್ತಲ ಕಡೆಗೇ ಹರಿಯೋದು ಅಂತ ನಿಮಗೇ ಗೊತ್ತಲ್ಲ... ಕವಿತಾ, ಹಿತ್ತಲಿಗೆ ಹೋಗೋದಿದ್ರೆ ಒಬ್ಬಳೇ ಹೋಗ್ಬೇಡಮ್ಮ. ಯಾರಾದ್ರೂ ಗಂಟು ಬಿಚ್ಚು ಅಂದ್ರೆ, ದನಿ ಗುರುತು ಸಿಕ್ಕಿದ್ರೂ, ಕೈ ಚಾಚ್ಬೇಡ."