ಐದನೇ ತಿಂಗಳಿಂದ ಏರದ ತೂಕ

...ಇಲ್ಲ ಕಣವ್ವ ಗಂಗಾಮಣಿ, ನಿಮ್ಮ ಆಶಾ ಕಾರ್ಯಕರ್ತೆಯರಿಗೆ ಕೊಟ್ಟಿರೋ ತೂಕದ ಮಿಷನ್ನೇ ಸರಿಯಿಲ್ಲ. ಮತ್ತೊಂದ್ಸಲ ನೋಡು. ಈಗ್ಲೂ ನಲವತ್ನಾಲ್ಕೇನಾ? ನಯನಾ, ಇಳಿಯೇ, ಒಳಗೋಗಿ ಕಾಫಿಗಿಡು.

ಐದನೇ ತಿಂಗಳಲ್ಲೂ ನಲವತ್ನಾಲ್ಕು ಕೆಜಿ, ಏಳು ತುಂಬಿದ್ರೂ ನಲವತ್ನಾಲ್ಕು. ಅತ್ತೆ ಚೌಡಮ್ಮ ಬಸುರಿ ಸೊಸೆನ ಉಪವಾಸ ಕೆಡವಿದಾಳೆ ಅಂತ ಬರ್ಕೋಬೇಡ ಮತ್ತೆ. ಅಂಗನವಾಡಿ ಮೊಟ್ಟೆ ಅವಳಿಗೇ. ಅಕ್ಕಿರೊಟ್ಟಿ, ಸೊಪ್ಪಿನ ಸಾರು ಎಲ್ಲಾ ಮಾಡಿಟ್ಟೇ ಎಸ್ಟೇಟ್ ಕೆಲ್ಸಕ್ಕೆ ಹೋಗ್ತೀನಿ. ಸಂಜೆ ಬಂದು ನೋಡಿದ್ರೆ ಮುಚ್ಚಿಟ್ಟಿದ್ದು ಮುಚ್ಚಿಟ್ಟಂಗೇ ಇರ್ತೈತೆ. ಗಂಟಲಲ್ಲಿ ಇಳಿಯಲ್ಲ ಅತ್ತೆ ಅಂತಾಳೆ. ನಾನೇನ್ಮಾಡ್ಲಿ?

ಏನಂದೆ? ಮನಸ್ಸಲ್ಲಿ ಕೊರಗಿದ್ರೆ ತೂಕ ಏರಲ್ವಂತಾ? ಡಾಕ್ಟ್ರಮ್ಮ ಅಂದ್ರಾ... ಕೂಸೂ ಸೊರಗ್ತದಾ. ಇವಳಿಗೇನು ಕೊರಗು? ಟಿವಿ ಐತೆ. ಒಂದು ಕೊಡ ನೀರು ಎತ್ತೋಕೂ ಬಿಟ್ಟಿಲ್ಲ ನಾನು.

ಸೋಮವಾರ ಬಂದಿದ್ಯಾ? ಹೌದು, ಬೀಗ ಇತ್ತು. ಒಳಗೇ ಇದ್ಲು. ಕಿಟಕೀಲಿ ಮಾತಾಡ್ಸಿದ್ಯಾ... ನಂಗೆ ಹೇಳ್ಲೇ ಇಲ್ಲ ಅವಳು.

ಆನೆ ಕಾಟ ಕಣವ್ವ. ನಮ್ಮ ಯಜಮಾನ್ರನ್ನ ಹೊಂಗಡಹಳ್ಳದ ರಸ್ತೇಲಿ ಆನೆ ತುಳಿದಿದ್ದು ನಿಂಗೆ ಗೊತ್ತಲ್ಲ. ಬಸುರಿ ಹೆಂಗ್ಸು, ಒಬ್ಳೇ ಬಾಗ್ಲು ತೆಕ್ಕೊಂಡು ಹೊರಟ್ರೆ ಗತಿ ಏನು? ಅದಕ್ಕೇ ಹೊರಗಿಂದ ಹಾಕ್ತೀನಿ.

ನೀನು ಯಾವುದ್ರಲ್ಲಿ ಬಂದೆ? ನಡ್ಕೊಂಡಾ... ಒಬ್ಳೇ. ಹೂಂ. ಆನೆ ಈ ಕಡೆ ಬಂದಿದೆ ಅಂತ ಫಾರೆಸ್ಟ್‌ನೋರ ಮೆಸೇಜು ಕೊನೇ ಸಲ ಬಂದು ಒಂದೂವರೆ ತಿಂಗಳಾಯ್ತಾ.

ಹಂಗೆ ನೋಡ್ಬೇಡ ಕಣವ್ವ. ಬೈಯಾದ್ರೂ ಬೈಯಿ. ಹೇಳ್ತೀನಿ, ಕೇಳು.

ನನ್ನ ಮಗ ಹೊಡ್ದ. ಯೋಗೇಶ. ಐದನೇ ತಿಂಗಳಲ್ಲಿ, ಕುಡ್ದು ಬಂದು, ಏನೋ ಎದುರು ಮಾತಾಡಿದ್ಲು ಅಂತ. ಒಂದೇ ಏಟು. ಇಲ್ಲ... ಒಂದಲ್ಲ. ನಾನು ಅಡ್ಡ ಹೋಗೋ ಅಷ್ಟರಲ್ಲಿ ಗೋಡೆಗೆ ತಳ್ಳಿಬುಟ್ಟಿದ್ದ. ಬೆಳಿಗ್ಗೆ ಎದ್ದು ಇವಳು ಬಟ್ಟೆ ತುಂಬ್ಕೊಂಡು ಕುಂದೂರಿಗೆ, ತವರಿಗೆ ಹೊರಟ್ಲು. ಬಸ್‌ಸ್ಟಾಪಿಂದ ನಾನೇ ಕೈ ಹಿಡಿದು ವಾಪಸ್ ಕರ್ಕೊಂಬಂದೆ. ಅಲ್ಲಿ ಬಾಯಿ ಬಿಟ್ರೆ ಅವಳಣ್ಣ ಸ್ಟೇಷನ್ನಿಗೆ ಹೋಗ್ತಾನೆ. ನಂಗಿರೋನು ಒಬ್ನೇ ಮಗ ಕಣವ್ವ. ಫೋನು ಕಿತ್ಕೊಂಡು ಅಕ್ಕಿ ಡಬ್ಬಕ್ಕೆ ಹಾಕ್ದೆ. ಅವತ್ತಿಂದ ಬೀಗ.

ಅವನಿನ್ನೂ ಕುಡೀತಾನೆ. ಇವಳು ಅವನ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ತಟ್ಟೆ ಬಿಟ್ಟು ಎದ್ದೋಗ್ತಾಳೆ. ನೋಡ್ಕೊಂಡೇ ಇದೀನಿ ನಾನು. ಮೊಟ್ಟೆ ಬೇಯಿಸಿ ಬೇಯಿಸಿ ಇಡ್ತಾ ಇದೀನಿ.

ಇವಳನ್ನ ನೀನೇ ತವರಿಗೆ ಕರ್ಕೊಂಡೋಗ್ತೀಯಾ? ಇವತ್ತೇನಾ. ಅವನು ಕೇಳಿದ್ರೆ ನಾನೇನನ್ಲಿ... ಸರಿ. ನಾನೇ ಕಳಿಸ್ದೆ ಅಂತೀನಿ.

ನಯನಾ, ಬಾರವ್ವ. ಒಲೆ ಆರ್ಸು. ಫೋನು ಅಕ್ಕಿ ಡಬ್ಬದಲ್ಲೈತೆ, ತಗೊ. ಗಂಗಾಮಣಿ ನಿನ್ನ ಕುಂದೂರಿಗೆ ಮುಟ್ಟಿಸ್ತಾಳಂತೆ. ನಿಮ್ಮಣ್ಣಂಗೆ ಏನು ಹೇಳ್ಬೇಕೋ ಎಲ್ಲಾ ಹೇಳು.

ಯಾಕೆ ಅಲ್ಲೇ ನಿಂತೆ? ಬಾ ಅಂದ್ನಲ್ಲ.

...ಓ. ನಾನು ಬಾಗ್ಲಿಗೆ ಅಡ್ಡ ನಿಂತಿದೀನಿ.