ಕಂಚಿಯ ನೆರಳು

ಎಪ್ಪತ್ತನಾಲ್ಕರ ಒಂದು ಶನಿವಾರ ಸಂಜೆ, ರಾಜಾಜಿನಗರದ ಆಂಜನೇಯನ ಗುಡಿಯ ಹೊರಗೆ ಕೂತು ಹೆಂಡಿರ ಚಪ್ಪಲಿ ಕಾಯುತ್ತಿದ್ದ ಇಬ್ಬರು ಗಂಡಂದಿರ ಮಾತು ಇದು. ಪಕ್ಕದ ಕಲ್ಲಿನ ಮೇಲೆ ನಾನೂ ಅದೇ ಕೆಲಸದಲ್ಲಿದ್ದೆ.

“ಮದ್ರಾಸಿಗೆ ಹೋಗಿದ್ರಂತೆ, ಗೋಪೀನಾಥ್?”

“ಹೂಂ ಸಾರ್. ದಾರೀಲಿ ಕಂಚೀನೂ ಮುಗಿಸ್ಕೊಂಡ್ವಿ.”

“ಹೆಂಗಿದೆ ಕಂಚಿ?”

“ವರದರಾಜಸ್ವಾಮಿ ಗುಡಿ ಮುಂದೆ ಒಳ್ಳೆ ನೆರಳು. ಏಕಾಂಬರೇಶ್ವರನ ಮುಂದೆ ನಾನು ಕೂತಿದ್ದ ಕಡೆ ಬರೀ ಬಿಸಿಲು.”

“ಅಲ್ಲಾರೀ, ನಾನು ಕೇಳಿದ್ದು ಒಳಗಡೆ.”

“ಒಳಗಡೆ ಅಂಬುಜ ಹೋಗಿದ್ಲು. ನಂಜನಗೂಡಲ್ಲಿ ಅವಳ ಹೊಸ ಚಪ್ಪಲಿ ಕಳೆದುಹೋದಾಗಿಂದ ನಂಗೆ ಎಲ್ಲಾ ಕಡೇನೂ ಹೊರಗೇ ಡ್ಯೂಟಿ.”

“ಮದ್ರಾಸಲ್ಲಿ ಸಮುದ್ರನಾದ್ರೂ ನೋಡಿದ್ರಾ?”

“ಸದ್ದು ಕೇಳಿಸ್ತು. ಚಪ್ಪಲಿ ಕಡೆ ಮುಖ ಮಾಡ್ಕೊಂಡು ಕೂತಿದ್ನಲ್ಲ.”

ಅಷ್ಟರಲ್ಲಿ ಅಂಬುಜಮ್ಮ ಕುಂಕುಮ ಇಟ್ಟುಕೊಂಡು ಹೊರಬಂದರು.

“ಕಂಚಿ ವಿಷ್ಯಾನಾ? ಇವ್ರಿಗೆ ಎಷ್ಟು ಹಿಡಿಸ್ತು ಅಂತೀರಿ, ದೇವಸ್ಥಾನದ ಮುಂದಿಂದ ಏಳೋಕೇ ಮನಸ್ಸಿರ್ಲಿಲ್ಲ! ಮುಂದಿನ ವರ್ಷ ಮಧುರೆ.”

ಗೋಪೀನಾಥರು ದನಿ ತಗ್ಗಿಸಿದರು.

“ಮಧುರೇಲಿ ಹೊರಗೆ ನೆರಳಿದ್ಯಾ ಸಾರ್?”

“ಗೊತ್ತಿಲ್ಲ. ಅಲ್ಲಿ ನಾನು ಒಳಗೆ ಹೋಗಿದ್ದೆ.”

ಗೋಪೀನಾಥರು ಚಪ್ಪಲಿಯನ್ನು ಹೆಂಡತಿಯ ಕಾಲ ಬಳಿ ಸರಿಸಿದರು. ಆಮೇಲೆ, ತಿರುವು ದಾಟುವವರೆಗೂ ಆ ಮನುಷ್ಯನನ್ನು ಹಿಂತಿರುಗಿ ಹಿಂತಿರುಗಿ ನೋಡುತ್ತಲೇ ನಡೆದರು.