ಹಗ್ಗ ಬಿಚ್ಚಿದ ಮೇಲೆ

ಹತ್ತರಗಿಯಲ್ಲಿ ಬಾಗೇವಾಡಿ ಬಸ್ಸಿಗೆ ಕಾಯುತ್ತಿದ್ದ ಪದ್ಮಶ್ರೀಯ ಬೆಂಚಿನಲ್ಲೇ ಕಂಬಳಿ ಹೊದ್ದ ಕುರುಬನೊಬ್ಬ ಹೆಂಡತಿಯೊಂದಿಗೆ ಅದೇ ಬಸ್ಸಿಗೆ ಕಾಯುತ್ತ ಕೂತಿದ್ದ. ಬೇಡವೆಂದರೂ ಅವರ ಮಾತು ಇವಳ ಕಿವಿಗೆ ಬೀಳುತ್ತಿತ್ತು.

“ಗುಳಿಗಿ ಚೀಲದಾಗ ಹಂಗ ಅದಾವಲ್ರಿ. ತಗೊಂಡಿಲ್ಲೇನು?”

“ಬಿಟ್ಟು ಎಂಟ ದಿನ ಆತು.”

“ಅಯ್ಯ ಶಿವನ! ಯಾರ್ ಹೇಳಿದ್ರು?”

“ರಕ್ತದ ಗುಂಪು ಬ್ಯಾರೆ ಇದ್ರೂ ನಿನ್ನ ಕಿಡ್ನಿ ನನ್ನ ಮೈ ಒಪ್ಕೊಂಡೈತಿ ಅಂತ ಡಾಕ್ಟರ್ ಅಂದ್ರಲ್ಲ.”

“ಗುಳಿಗಿ ಬಿಡ್ರಿ ಅಂದ್ರೇನು?”

“ತಾಯಿ ಸತ್ತ ಮರಿಗೆ ಬ್ಯಾರೆ ಕುರಿನ ಕಟ್ಟಿಹಾಕಿ ಹಾಲು ಕುಡಸ್ತೀವಿ. ಕುರಿ ಒಪ್ಪಿದ ಮ್ಯಾಲ ಹಗ್ಗ ಬಿಚ್ಚಂಗಿಲ್ಲೇನು?”

ಅವಳು ಬಗ್ಗಿ ಗಂಡನ ಊದಿದ ಪಾದವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು.

“ಬಿಚ್ಚಿದ ಮ್ಯಾಲ ಕುರಿ ಮರಿಗೆ ಹಾಯ್ದಿದ್ದು ಒಮ್ಮಿನೂ ನೋಡಿಲ್ಲೇನ್ರಿ?”

“ನೋಡೀನಿ.”

“ಆ ಮರಿ ಉಳೀತೇನು?”

ಅವನು ಹೊದ್ದ ಕಂಬಳಿ ತೆಗೆದು ಬೆಂಚಿನ ಮೇಲಿಟ್ಟು, ಬಗ್ಗಿ ತನ್ನ ಪಾದ ಮುಟ್ಟಿ ನೋಡಿಕೊಂಡ.

ಬಾಗೇವಾಡಿ ಬಸ್ ಬಂದು ನಿಂತಿತು. ಕುರುಬನ ಹೆಂಡತಿ ಅದರ ಕಡೆ ನೋಡಲೇ ಇಲ್ಲ. “ಏಳ್ರಿ, ಬೆಳಗಾವಿ ದವಾಖಾನಿಗೆ ನಡೀರಿ” ಎಂದವಳೇ ಒಂದು ಕೈಯಲ್ಲಿ ಗಂಡನನ್ನು ಎಳೆಯುತ್ತ, ಇನ್ನೊಂದನ್ನು ಬೆಳಗಾವಿ ಬಸ್ಸಿಗೆ ಎತ್ತಿ ಓಡಿದಳು.

“ಕಾಕಾ, ಕಂಬಳಿ!” ಎಂದು ಪದ್ಮಶ್ರೀ ಕೂಗಿದಳು. ಇಬ್ಬರೂ ತಿರುಗಲಿಲ್ಲ.